ಇನ್ನೊಂದು ಮೊಣಕಾಲು

"ಯಾವಳೇ ಅದು, ನನ್ನ ಹೋಟೆಲಲ್ಲಿ ಹೆಣ ಸುಡುದು?"

ಮುರಾರಿಯ ಕೂಗಿಗೆ ಲೋಲಾಕ್ಷಿ ಒಲೆಯ ಮೇಲಿದ್ದ ಕಾವಲಿಯನ್ನು ಬರಿಗೈಯಲ್ಲೇ ಕೆಳಗಿಳಿಸಿದಳು. ಬೆಳಗಿನ ಗಿರಾಕಿಗಳು ತುಂಬಿದ್ದರೂ ಧನಿ ಗಲ್ಲಾ ಬಿಟ್ಟು ಅಡಿಗೆಮನೆಗೇ ಬಂದುಬಿಟ್ಟಿದ್ದ. ಕಾವಲಿಯ ಮೇಲೆ ಬಾಡಿದ ಎಲೆಗಳು ಕುದಿಯುವ ಸಾಂಬಾರಿನ ಪರಿಮಳವನ್ನೂ ಮೀರಿ ಘಾಟು ಬಿಡುತ್ತಿದ್ದವು.

"ಕೈಗೆ, ಧನಿ. ಬಾವು ಬಂದಿದೆ. ಲಕ್ಕಿ ಸೊಪ್ಪು."

"ಸೊಪ್ಪು ಕಟ್ಟಿಕೊಳ್ಲಿಕ್ಕೆ ಇದೇನು ನಿನ್ನಪ್ಪನ ಆಸ್ಪತ್ರೆಯಾ? ಗಿರಾಕಿ ಮೂಗು ಮುಚ್ಚಿ ಎದ್ದು ಹೋದ್ರೆ ನಿನ್ನಪ್ಪನೇ ಬಂದು ತಿಂತಾನಾ ಇಡ್ಲಿ? ಬೇವರ್ಸಿ!"

ಅವನು ಕಾವಲಿಯನ್ನು ಕಾಲಿನಿಂದ ನೂಕಿದ. ಎಲೆಗಳು ಮೋರಿಯ ಎಂಜಲು ನೀರಿಗೆ ಬಿದ್ದವು. ಅವನು ಅತ್ತ ಹೋಗುವವರೆಗೆ ಕಾದು, ಅವನ್ನೇ ಹೆಕ್ಕಿ ತೊಳೆದು, ಹಳೆಯ ಸೀರೆಯ ಚೂರಿನಿಂದ ಮಣಿಕಟ್ಟಿಗೆ ಬಿಗಿದುಕೊಂಡು ಲೋಲಾಕ್ಷಿ ಮತ್ತೆ ಕಾಯಿ ತುರಿಯಲು ಕುಳಿತಳು.

ದಿನಕ್ಕೆ ನಲವತ್ತು ಕಾಯಿ. ಅದು ಮುಗಿದರೆ ಚಟ್ನಿ, ಆಮೇಲೆ ಎರಡಾಳು ಎತ್ತುವ ಪಾತ್ರೆಗಳು. ಹೋಟೆಲಿದ್ದ ಕಳವಾ ಪೇಟೆಯ ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ಈ ಲಕ್ಕಿ. ರೈಲ್ವೆ ಕಾರ್‌ಶೆಡ್ಡಿನ ಗೋಡೆಗೂ ಗಟಾರಕ್ಕೂ ನಡುವೆ, ಯಾರೂ ನೆಡದೆ, ಯಾರೂ ನೀರೆರೆಯದೆ ಪೊದೆಪೊದೆಯಾಗಿ ಬೆಳೆದಿತ್ತು. ಐದು ಬೆರಳಿನಂಥ ಎಲೆ, ಬೆನ್ನು ಬಿಳಿ. ಮುರಿದು ಮೂಸಿದಾಗ ಅಮ್ಮನ ಸೆರಗಿನ ವಾಸನೆ ಬಂದು, ಅವಳು ನಡುರಸ್ತೆಯಲ್ಲೇ ನಿಂತುಬಿಟ್ಟಿದ್ದಳು.

ಅಮ್ಮನ ನೆನಪು ಸುಖದ್ದೇನಲ್ಲ. ಅಮ್ಮ ಅಂದರೆ ಊರು, ಊರು ಅಂದರೆ ಜಾತಿ. ಕೆಲಸಕ್ಕೆ ಸೇರುವಾಗ ಮುರಾರಿ ಎರಡನ್ನೂ ಕೇಳಿದ್ದ. ಊರು ನಿಜ ಹೇಳಿ, ಜಾತಿಗೆ "ಪೂಜಾರಿಗಳು, ಬಿಲ್ಲವರು" ಎಂದಿದ್ದಳು. ಆ ಒಂದು ಮಾತಿನಿಂದ ಪಾತ್ರೆ ತೊಳೆಯುವ ಮೋರಿಯಿಂದ ತುರಿಮಣೆಗೆ ಏರಿದ್ದಳು. ಒಂಬತ್ತು ವರ್ಷವಾಯಿತು. ಈಗಲೂ ಊರ ಕಡೆಯಿಂದ ಹೊಸ ಕೆಲಸದವರು ಯಾರಾದರೂ ಬಂದರೆ ಎರಡು ದಿನ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ವಾರ ಕಳೆಯುವುದರೊಳಗೆ ಬಾವು ಇಳಿಯಿತು. ಸಾಂಬಾರಿನ ಪಾತ್ರೆಯನ್ನು ಅವಳೊಬ್ಬಳೇ ಜರಗಿಸುವುದನ್ನು ಮುರಾರಿ ಬಾಗಿಲಲ್ಲಿ ನಿಂತು ನೋಡಿದ.

"ಲೋಲಾಕ್ಷೀ, ಆ ಸೊಪ್ಪು ಮೊಣಕಾಲಿಗೆ ಆಗ್ತದಾ? ಅಮ್ಮನಿಗೆ ಏಳ್ಲಿಕ್ಕೇ ಆಗುದಿಲ್ಲ ಮಾರಾಯ್ತಿ. ಆಪರೇಷನ್ ಅಂದ್ರೆ ಹೆದರ್ತಾರೆ."

"ಆಗ್ತದೆ ಧನಿ."

"ಹಾಗಾದ್ರೆ ಇವತ್ತೇ ಹೋಗಿ ಕಟ್ಟಿ ಬಾ. ನಿನ್ನ ಮಧ್ಯಾಹ್ನದ ರೆಸ್ಟಿನಲ್ಲಿ. ನಾಲ್ಕಕ್ಕೆ ಇಲ್ಲಿರ್ಬೇಕು."

ಕಳವಾದಿಂದ ಧನಿಯ ಮನೆಯಿದ್ದ ಠಾಣೆಗೆ ರೈಲಿನಲ್ಲಿ ಒಂದೇ ಸ್ಟೇಷನ್. ಆ ನಾಲ್ಕು ನಿಮಿಷದಲ್ಲಿ ಲೋಲಾಕ್ಷಿ ಸೊಪ್ಪಿನ ಚೀಲವನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಹತ್ತು ಸಲ ಬದಲಿಸಿದಳು. ಹೋಟೆಲಿನಲ್ಲಿ ಯಾರಿಗೂ ಮಾತಿಗೆ ಪುರುಸೊತ್ತಿಲ್ಲ. ಮನೆಯಲ್ಲಿ ಕುಳಿತ ಮುದುಕಿಗೆ ಪುರುಸೊತ್ತೇ ಕೆಲಸ. ಏನೇನು ಕೇಳುತ್ತಾಳೋ.

ಬಿಲ್ಡಿಂಗಿನ ವಾಚ್‌ಮನ್ ಅವಳನ್ನು ಸಾಮಾನಿನ ಲಿಫ್ಟಿಗೆ ಕಳಿಸಿದ. ಹದಿನಾಲ್ಕನೇ ಮಹಡಿ. ಮುರಾರಿಯ ತಾಯಿ ರಮಾಮಣಿ ಬಿಳಿ ಸೋಫಾದ ಮೇಲೆ ಕಾಲು ಚಾಚಿ ಕುಳಿತಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅಡಿಗೆಮನೆಗೆ ಹೋಗ್ಬೇಡ. ಬಾಲ್ಕನಿಯಲ್ಲಿ ಕರೆಂಟಿನ ಒಲೆ ಇಡಿಸಿದ್ದೇನೆ. ಕಾವಲಿ ಹಳೇದು, ಮತ್ತೆ ಬಿಸಾಡ್ತೇವೆ."

ಲೋಲಾಕ್ಷಿ ಸೊಪ್ಪು ಬಾಡಿಸಿ, ಎಣ್ಣೆ ಸವರಿ, ನೆಲಕ್ಕೆ ಕುಳಿತು ಬಲ ಮೊಣಕಾಲಿಗೆ ಕಟ್ಟಿದಳು. ರಮಾಮಣಿ ಕಣ್ಣು ಮುಚ್ಚಿದರು.

"ಹಾ... ಹಾಯಾಯ್ತು. ಯಾರು ಕಲಿಸಿದ್ದು ನಿಂಗೆ?"

"ಅಮ್ಮ."

"ನಮ್ಮ ಮನೆಗೂ ಒಬ್ಬಳು ಬರ್ತಿದ್ದಳು, ಕೊರಗರದ್ದು. ಅಂಗಳದ ಆಚೆ ನಿಂತು ಸೊಪ್ಪು ಬಿಸಾಡಿ ಹೋಗುದು. ನನ್ನ ಅತ್ತೆಯ ಸೊಂಟ ಎದ್ದು ನಿಂತದ್ದು ಅದರ ಸೊಪ್ಪಿನಲ್ಲೇ."

"ಏನು ಹೆಸರು ಅವರದ್ದು?"

"ಹೆಸರಾ?" ರಮಾಮಣಿ ನಕ್ಕರು. "ಅವಕ್ಕೆಲ್ಲ ಹೆಸರು ಯಾರು ಕೇಳ್ತಾರೆ?"

ಲೋಲಾಕ್ಷಿಯ ಕೈ ಗಂಟಿನ ಮೇಲೆ ನಿಂತಿತು. ಅದು ಅವಳ ಅಮ್ಮನೇ ಆಗಿರಬೇಕೆಂದಿಲ್ಲ. ಯಾರಾದರೂ ಆಗಿರಬಹುದು. ಬಾಯಿ ಮುಚ್ಚಿಕೊಂಡು ಎಡಗಾಲಿಗೂ ಕಟ್ಟಿ ಎದ್ದು ಹೋಗಬಹುದಿತ್ತು.

"ನನ್ನ ಅಮ್ಮನಿಗೂ ಹೆಸರಿತ್ತು, ಐತೆ ಅಂತ," ಎಂದಳು. "ನಾವು ಕೊರಗರು."

ರಮಾಮಣಿ ಕಾಲನ್ನು ಸರ್ರನೆ ಎಳೆದುಕೊಂಡರು, ನೋವಿಗೆ ಕಿರುಚಿದರು.

"ರಾಮ ರಾಮಾ! ಒಂಬತ್ತು ವರ್ಷ ನಿನ್ನ ಕೈಯ ಚಟ್ನಿ ತಿಂದದ್ದಾ ನಾವು!"

ಮಗನಿಗೆ ಫೋನು ಹೋಯಿತು. ಸ್ಪೀಕರಿನಲ್ಲಿ ಮುರಾರಿಯ ದನಿ ಮನೆ ತುಂಬಿತು. "ರಂಡೆ! ಸುಳ್ಳು ಹೇಳಿ ನನ್ನ ಅಡಿಗೆಮನೆ ಹೊಕ್ಕಿದ್ದೀಯಾ? ಇನ್ನು ತುರಿಮಣೆ ಮುಟ್ಟಿದ್ರೆ ಕೈ ಮುರೀತೇನೆ. ಬೇಕಾದ್ರೆ ಮೋರಿಯಲ್ಲಿ ಬಿದ್ದಿರು. ಗಿರಾಕಿಗಳಿಗೆ ಗೊತ್ತಾಗ್ಬಾರ್ದು, ತಿಳೀತಾ?"

ಒಂಬತ್ತು ವರ್ಷದಿಂದ ಎದೆಯಲ್ಲಿ ಕುಳಿತಿದ್ದ ಹೆದರಿಕೆಯನ್ನು ಲೋಲಾಕ್ಷಿ ಹುಡುಕಿದಳು; ಅದು ಸಿಗಲಿಲ್ಲ.

ರಮಾಮಣಿ ಬಲಗಾಲನ್ನು ಮೆಲ್ಲನೆ ಮಡಚಿ ನೋಡಿದರು. ಮಡಚಿತು. ಎಡಗಾಲು ಮರದ ಕೊರಡಿನಂತಿತ್ತು.

"ಆದದ್ದು ಆಯ್ತು," ಎಂದರು, ಮುಖ ಆಚೆ ತಿರುಗಿಸಿ. "ಹೇಗೂ ಮೀಯ್ಲಿಕ್ಕುಂಟು ನಂಗೆ. ಈ ಕಾಲಿಗೂ ಕಟ್ಟಿ ಹೋಗು."

ಲೋಲಾಕ್ಷಿ ಎದ್ದು ಬಾಲ್ಕನಿಗೆ ಹೋದಳು. ಕಾವಲಿಯಲ್ಲಿ ಉಳಿದಿದ್ದ ಬಿಸಿ ಸೊಪ್ಪನ್ನೆಲ್ಲ ಬಟ್ಟೆಗೆ ಬಾಚಿಕೊಂಡು ಬಂದಳು. ರಮಾಮಣಿ ಎಡಗಾಲು ಮುಂದೆ ಚಾಚಿದರು.

ಅವಳು ಆ ಕಾಲನ್ನು ದಾಟಿ ಹೋಗಿ, ಸೋಫಾದ ಮೇಲೆ ಅವರ ಪಕ್ಕದಲ್ಲೇ ಕುಳಿತಳು. ತನ್ನ ಬಲ ಮಣಿಕಟ್ಟಿಗೆ ಸೊಪ್ಪು ಸುತ್ತಿ, ಗಂಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು.

"ಏಳೇ! ಏಳು ಮೇಲೆ!" ರಮಾಮಣಿ ಏಳಲು ನೋಡಿದರು. ಒಂದು ಕಾಲು ಎದ್ದಿತು, ಇನ್ನೊಂದು ಏಳಲಿಲ್ಲ. ದೊಪ್ಪನೆ ಅಲ್ಲೇ ಕುಸಿದರು. "ಮುರಾರೀ!"

"ಹಲೋ? ಅಮ್ಮಾ? ಹಲೋ!" ಫೋನು ಕೂಗುತ್ತಿತ್ತು.

ಲೋಲಾಕ್ಷಿ ಇನ್ನೊಂದು ಕೈಗೂ ಸುತ್ತಿಕೊಂಡಳು. ಹಸಿರು ಬೆರೆತ ಎಣ್ಣೆ ಸೋಫಾದ ಬಿಳಿ ಬಟ್ಟೆಗೆ ಇಳಿಯತೊಡಗಿತು. ಅವಳು ಬೆನ್ನು ಹಿಂದಕ್ಕೆ ಒರಗಿಸಿ, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಅರ್ಧ ಗಂಟೆ ಅಲ್ಲಾಡ್ಲಿಕ್ಕಿಲ್ಲ ಅಮ್ಮಾ," ಎಂದಳು. "ಇಲ್ಲದಿದ್ರೆ ಸೊಪ್ಪು ಹಿಡಿಯುದಿಲ್ಲ."