ಬಟ್ಟಲಿಗೆ ಬಿದ್ದ ಉಪ್ಪು

ಸುಣ್ಣಕಲ್ಲಿನ ಗುಡ್ಡದ ಮೇಲೆ ಮಣ್ಣು ಎಂಬುದು ಒಂದು ಗೇಣು, ಅಷ್ಟೇ. ಆ ಗೇಣು ಮಣ್ಣಿನಲ್ಲೇ ನಮ್ಮ ಕಾಡು ನಿಂತಿದೆ. ಎಲೆ ಉದುರಿ ಕೊಳೆತರೆ ಅದರ ಸಾರಜನಕ ನೈಟ್ರೇಟ್ ಆಗಿ ನೀರಿನಲ್ಲಿ ಕರಗುತ್ತದೆ. ಬೇರುಗಳು ಅದನ್ನು ಹೀರಿಕೊಳ್ಳುತ್ತವೆ. ಬೇರು ಹೀರದಿದ್ದರೆ ಕಲ್ಲಿನ ಬಿರುಕಿನಲ್ಲಿ ಇಳಿದು, ನೆಟ್ಟಗೆ ಊರಿನ ಬುಗ್ಗೆಗೆ. ನೈಟ್ರೇಟ್ ಹೆಚ್ಚಾದ ನೀರು ಹಸುಗೂಸುಗಳಿಗೆ ವಿಷ, ಕಾಯಿಸಿದರೂ ಹೋಗದು.

ಬೇರಿನ ಕೆಳಗೆ ಹೂತ ಪಿಂಗಾಣಿ ಬಟ್ಟಲುಗಳಿಂದ ಇಳಿನೀರು ತೆಗೆದು ಅದರ ನೈಟ್ರೇಟ್ ಅಳೆಯುವುದು ನನ್ನ ಕೆಲಸ. ವರ್ಷಗಟ್ಟಲೆ ಅಳೆದಿದ್ದೇನೆ. ನಮ್ಮ ಕಾಡು ಮಹಾ ಜಿಪುಣ, ಒಂದು ಚೂರೂ ಬಿಟ್ಟುಕೊಟ್ಟಿಲ್ಲ. ಪ್ರಯೋಗಾಲಯದ ಮುಖ್ಯಸ್ಥರು ನನ್ನ ಸೋದರಮಾವ. ಅಪ್ಪ ಹೋದ ಮೇಲೆ ಸಾಕಿದವರು, ಓದಿಸಿದವರು, ಅದನ್ನು ಆಗಾಗ ನೆನಪಿಸುವವರು.

ಕಾಡು ಕಡಿದು ಕಲ್ಲುಗಣಿ ಮಾಡಬಹುದೇ ಎಂದು ತೀರ್ಮಾನಿಸಲು ಒಂದು ಸಮಿತಿ ಬಂತು. ಕಾಡು ಬುಗ್ಗೆಯ ನೀರು ಕಾಯುತ್ತಿದ್ದರೆ ಕಡಿಯಲು ಬಿಡುವುದಿಲ್ಲ, ಅದಕ್ಕೆ ನಿಮ್ಮ ಅಂಕಿಗಳನ್ನೇ ನಂಬುತ್ತೇವೆ ಎಂದರು. ಕಾಡು ನೋಡಿದರು, ಚಹಾ ಕುಡಿದರು, ಮತ್ತೆ ಕುಡಿದರು. ಆಮೇಲೆ ಒಬ್ಬೊಬ್ಬರಾಗಿ ಮಾಯವಾದರು. ಯಾರೂ ತುಳಿಯದಿರಲಿ ಎಂದು ಬಟ್ಟಲುಗಳ ಸುತ್ತ ನಾನು ಗೋಣಿತಟ್ಟಿನ ಮರೆ ಕಟ್ಟಿದ್ದೆ. ಕೊನೆಗೆ ಅಧ್ಯಕ್ಷರು ಜಿಪ್ ಎಳೆದುಕೊಳ್ಳುತ್ತ ಅದರೊಳಗಿಂದ ಹೊರಬಂದರು.

"ಒಳ್ಳೆ ವ್ಯವಸ್ಥೆ ಮಾಡಿದ್ದೀಯಮ್ಮ" ಎಂದರು.

ಮುಂದಿನ ತಿಂಗಳು ಅದೇ ಬಟ್ಟಲುಗಳಲ್ಲಿ ನೈಟ್ರೇಟ್ ಗಗನಕ್ಕೇರಿತ್ತು. ಮಾವ ನೋಡಿದರು.

"ಕಾಡು ಸೋರ್ತಿದೆ ಅಂತ ಬರಿ."

"ಸೋರಿದ್ದು ಕಾಡಲ್ಲ ಮಾವ, ಸಮಿತಿ. ಉಪ್ಪಿನಂಶ ನೋಡಿ. ಎಲೆ ಕೊಳೆತ್ರೆ ಇಷ್ಟು ಉಪ್ಪು ಎಲ್ಲಿಂದ ಬರುತ್ತೆ?"

"ಅಧ್ಯಕ್ಷರು ಉಚ್ಚೆ ಹೊಯ್ದರು ಅಂತ ವರದೀಲಿ ಬರೆಯೋಕಾಗುತ್ತಾ? ತಲೆ ನೆಟ್ಟಗಿದೆಯಾ ನಿಂಗೆ? ನನ್ನ ಮನೆ ಉಪ್ಪು ತಿಂದು ನಂಗೇ ಎರಡು ಬಗೀಬೇಡ."

ಮೈಯೆಲ್ಲ ಉರಿಯಿತು. ಸಮಿತಿಯ ಸಭೆಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟೆ, ಮರೆಯ ಕಥೆ, ಉಪ್ಪಿನ ಕಥೆ, ಎಲ್ಲ. ಮಾವ ತಲೆ ಎತ್ತಲಿಲ್ಲ. ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕ ಮೇಲೆ ಉಳಿದವರಿಗೂ ನಗು ಬಂತು.

"ನೀನು ಹೇಳೋದು ನಿಜಾನೇ ಇರಬಹುದಮ್ಮ" ಎಂದರು ಕಣ್ಣೊರೆಸಿಕೊಳ್ಳುತ್ತ. "ಹಾಗಾದ್ರೆ ಆ ಬಟ್ಟಲುಗಳೇ ಕೆಟ್ಟಿವೆ ಅಂತಾಯ್ತು. ನಮಗಿಂತ ಮುಂಚೆ ಇನ್ನೂ ಯಾರ್ಯಾರು ಹೋಗಿದ್ರೋ! ಹೊಸ ಲೆಕ್ಕಾನೂ ಬೇಡ, ಹಳೇದೂ ಬೇಡ."

ಅಂಕಿಗಳೇ ಇಲ್ಲದ ಮೇಲೆ ಕಾಡಿನ ಪರವಾಗಿ ಹೇಳಲು ಏನು ಉಳಿಯಿತು? ಗಣಿಗೆ ಒಪ್ಪಿಗೆ ಸಿಕ್ಕಿತು.

"ಸಮಾಧಾನ ಆಯ್ತಾ?" ಎಂದರು ಮಾವ, ಮೆಟ್ಟಿಲಿಳಿಯುತ್ತ. "ಸುಮ್ನಿದ್ದಿದ್ರೆ ಅದೊಂದು ತಿಂಗಳು ಬಿಟ್ಟು ಮಿಕ್ಕಿದ್ದಾದ್ರೂ ಉಳಿಸಿಕೊಳ್ತಿದ್ದೆ. ಬಾಯಿ ಬಿಟ್ಟು ಎಲ್ಲಾನೂ ಕಳ್ಕೊಂಡೆ."

ಸುಳ್ಳು. ಕಾಡು ಕಡಿಸಲು ಆ ತಿಂಗಳೊಂದೇ ಸಾಕಾಗಿತ್ತು ಸಮಿತಿಗೆ. ಬಾಯಿ ಬಿಟ್ಟರೂ ಸೋಲು, ಮುಚ್ಚಿದರೂ ಸೋಲು ಎಂದು ಮಾವನಿಗೂ ಗೊತ್ತಿತ್ತು. ಅದಕ್ಕೇ ನನಗೆ ಅವರನ್ನು ಕಂಡರೆ ಹೇಸಿಗೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಸಮಿತಿಯವರು ಸಂಜೆಯೇ ಕಾರು ಹತ್ತಿ ತಮ್ಮ ಊರಿಗೆ ಹೋದರು. ನಾವು ಮನೆ ಸೇರಿದಾಗ ಅತ್ತೆ ಬುಗ್ಗೆಯ ನೀರು ಕಾಯಿಸಿ ಹಾಲಿನ ಪುಡಿ ಕಲಸುತ್ತಿದ್ದರು, ಮಾವನ ಎಳೆಯ ಮೊಮ್ಮಗಳಿಗೆ.