ಸೊಸೆಯ ತಳಿ

"ಅತ್ತೆ, ನಿಮ್ಮ ಸಾಲಿಂದಾನೂ ಗಿಡ ಕೀಳಲೇಬೇಕಾ?" ಸೊಸೆ ಅಳುಕುತ್ತ ಕೇಳಿದಳು.

"ಕೀಳದೆ ಮತ್ತೆ? ನನ್ನ ಸಾಲಿಗೇನು ಕೊಂಬು ಬಂದಿದೆಯಾ?" ಎನ್ನುತ್ತ ನರ್ಸರಿಯ ಮೇಸ್ತ್ರಿಯಮ್ಮ ರವಿಕೆಯ ತೋಳು ಮಡಚಿಕೊಂಡು ನೀರಿನ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

ಹಸಿರು ಬಲೆಯ ನೆರಳಿನಲ್ಲಿ ಚಹಾ ಗಿಡದ ಎರಡು ತಳಿಗಳು ಪುಟ್ಟ ಚೀಲಗಳಲ್ಲಿ ನಿಂತಿದ್ದವು. ಒಂದೇ ದಿನ, ಒಂದೇ ಮಣ್ಣಿಗೆ, ಒಂದೊಂದು ಎಲೆಯಿರುವ ಕಡ್ಡಿ ನೆಟ್ಟು ಬೆಳೆಸಿದ್ದು. ಗೆದ್ದದ್ದಕ್ಕೆ ತೋಟದ ಹೊಸ ಇಳಿಜಾರು, ಸೋತದ್ದು ಗೊಬ್ಬರದ ಗುಂಡಿಗೆ. ಅತ್ತೆಯ ತಳಿ ಎಲೆ ತುಂಬಿಕೊಂಡು ಕಣ್ಣು ಕುಕ್ಕುತ್ತಿತ್ತು. ಅದರ ತಾಯಿಗಿಡವನ್ನು ಅವಳು ಹರೆಯದಲ್ಲೇ ಗುರುತಿಸಿಟ್ಟಿದ್ದಳು. ಅದರ ಮಾತೆತ್ತಿದರೆ ಸಾಕು, ಮುಖ ಅರಳುತ್ತಿತ್ತು. ಸೊಸೆಯದು ಬಡಕಲು. ಬಂಡೆಯ ಪಕ್ಕದ, ಯಾರೂ ಲೆಕ್ಕಕ್ಕಿಡದ ಪೊದೆಯಿಂದ ಅವಳು ಕಡ್ಡಿ ತಂದಾಗ "ಪೊರಕೆ ಕಟ್ತೀಯೇನೇ?" ಎಂದು ಅತ್ತೆಯೇ ನಕ್ಕಿದ್ದಳು.

"ನೋಡಿದ್ರೇ ಗೊತ್ತಾಗುತ್ತಲ್ಲಮ್ಮ," ಎಂದರು ಗೆದ್ದ ತಳಿಯನ್ನು ಬರೆದುಕೊಳ್ಳಲು ಬಂದಿದ್ದ ತೋಟದ ಮ್ಯಾನೇಜರು. "ನಿಮ್ಮದೇ ಅಂತ ಬರ್ಕೊಳ್ಳಲಾ?"

ಅತ್ತೆ ಹೂಂ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬೇರು ನೋಡದೆ ಗಿಡ ಒಪ್ಪಬೇಡ ಎಂದು ಸೊಸೆಗೆ ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟವಳು ಅವಳೇ ತಾನೆ?

"ತಡೀರಿ ಸಾರ್," ಎಂದು ತನ್ನ ಸಾಲಿನ ಒಂದು ಚೀಲ ಸೀಳಿ ಗಿಡವನ್ನು ನೀರಿನಲ್ಲಿ ಅಲುಗಿಸಿದಳು. ಮಣ್ಣು ಕರಗಿತು. ಕಡ್ಡಿಯ ತುದಿಯಲ್ಲಿ ಬಿಳಿ ಗಂಟು, ಹೆಸರಿಗೆ ಎರಡೆಳೆ ಬೇರು. ಇನ್ನೊಂದನ್ನು ತೊಳೆದಳು, ಅದರದೂ ಅದೇ ಕಥೆ. ಆಮೇಲೆ ಸೊಸೆಯ ಸಾಲಿಗೆ ಕೈ ಚಾಚಿದಳು.

ಸೊಸೆಯ ಬಡಕಲು ಗಿಡವನ್ನು ಅದ್ದಿದಾಗ ಬೇರುಗಳು ಬಿಚ್ಚಿಕೊಂಡು ಬಕೆಟ್ಟಿನ ತುಂಬ ಹರಡಿದವು. ಸೊಸೆಯೋ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನೆಲ ನೋಡುತ್ತಿದ್ದಳು.

"ನಿಮ್ಮದಕ್ಕೆ ನೀರು ಹೆಚ್ಚಾಗಿರಬೇಕು ಅತ್ತೆ."

"ಎರಡಕ್ಕೂ ನೀರು ಹಾಕಿದ್ದು ನಾನೇ. ನನಗೆ ಸಮಾಧಾನ ಹೇಳೋಕೆ ಬರಬೇಡ. ತಲೆ ಎತ್ತು," ಎಂದು ಅತ್ತೆ ಗದರಿದಳು. ಗದರುವಾಗಲೇ ಸೋತ ಸಂಕಟ ಕರಗುತ್ತಿತ್ತು. ಆ ಪೊದೆಯ ಮುಂದೆ ತಾನೂ ಎಷ್ಟೋ ಸಲ ಓಡಾಡಿದ್ದಳು, ಕಂಡಿರಲಿಲ್ಲ. ತಾನು ಪಳಗಿಸಿದ ಸೊಸೆಯ ಕಣ್ಣಿಗೆ ಕಂಡಿತ್ತು. ಹೆಮ್ಮೆಯಾಯಿತು, ತನ್ನ ತಳಿ ಗೆದ್ದಿದ್ದರೂ ಇಷ್ಟು ಆಗುತ್ತಿರಲಿಲ್ಲವೇನೋ.

"ಬರ್ಕೊಳ್ಳಿ ಸಾರ್. ಬಂಡೆ ಪಕ್ಕದ್ದು. ನನ್ನ ಸೊಸೆ ಹುಡುಕಿದ್ದು."

ತನ್ನ ಗಿಡಗಳನ್ನು ಗುಂಡಿಗೆ ಅತ್ತೆ ತಾನೇ ಹೊತ್ತೊಯ್ದಳು. ದಾರಿಯಲ್ಲಿ ಎಲೆ ಕೊಯ್ಯುವವರು ಏನಾಯಿತೆಂದು ಕೇಳಿದರೆ "ನಮ್ಮ ಹುಡುಗಿ ನನ್ನನ್ನೇ ಸೋಲಿಸಿಬಿಟ್ಟಳು ಕಣ್ರೇ" ಎಂದಳು. ಕೇಳದವರಿಗೂ ನಿಲ್ಲಿಸಿ ಹೇಳಿದಳು.

ಹಿಂತಿರುಗಿದಾಗ ಸೊಸೆ ತೊಳೆದ ಗಿಡವನ್ನು ಮತ್ತೆ ಚೀಲಕ್ಕೆ ಇಳಿಸುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕೂತು, ಬೇರು ಮಡಚಿಕೊಳ್ಳದ ಹಾಗೆ ಕಡ್ಡಿಯನ್ನು ಎರಡು ಬೆರಳಲ್ಲಿ ನೆಟ್ಟಗೆ ಹಿಡಿದುಕೊಂಡಳು. ಸೊಸೆ ಮಣ್ಣು ತುಂಬಿದಳು.