ಅರಗಿನಲ್ಲಿ ಅರಳಿದ ಬೀದಿ

ಸಹೃದಯರೇ, ಶ್ರಾವಣದ ಎಳೆಬಿಸಿಲು ಕಲಘಟಗಿಯ ಭತ್ತದ ಗದ್ದೆಗಳ ಮೇಲೆ ಹೊಂಬಣ್ಣದ ಸೆರಗು ಹಾಸಿ, ಕಾಡಂಚಿನ ಮೋಡಗಳನ್ನು ಮೆಲ್ಲಮೆಲ್ಲನೆ ಕರಗಿಸುತ್ತಿದ್ದ ಆ ಮುಂಜಾವಿನ ಸೊಬಗನ್ನು ಏನೆಂದು ಬಣ್ಣಿಸಲಿ! ಎಂಬತ್ತಮೂರನೆಯ ಇಸವಿ... ತೊಟ್ಟಿಲಿಗೆ ಚಿತ್ರ ಬರೆಯುವ ಕುಬೇರಪ್ಪನ ಪಡಸಾಲೆಯಲ್ಲಿ ಅವನ ತುಂಬುಗರ್ಭಿಣಿ ಮಡದಿ ಗೌರಕ್ಕ ಮಾತ್ರ ಮುಖ ಬಾಡಿಸಿಕೊಂಡು ಕುಳಿತಿದ್ದಳು.

ಚೊಚ್ಚಲ ಕೂಸಿನ ತೊಟ್ಟಿಲು ತವರಿನಿಂದ ಬರಬೇಕು, ಅದು ರೂಢಿ. ಗೌರಕ್ಕನ ತಾಯಿ ಅನ್ನವ್ವನೋ, ಹುಬ್ಬಳ್ಳಿಯ ಬೀದಿಯಲ್ಲಿ ಕಾಯಿಪಲ್ಯ ಮಾರುವವಳು. "ಬೀದ್ಯಾಗ ಕುಂತ ಪಲ್ಲೆ ಮಾರಾಕಿ ತೊಟ್ಟಿಲ ಎಲ್ಲಿಂದ ತಂದಾಳ!" ಎಂದು ಅತ್ತೆ ರೇಣುಕವ್ವ ನಾಲ್ಕು ಜನರೆದುರು ಅಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು! ತಾಯಿಗೆ ಈ ಮನೆಯಲ್ಲಿ ಮರ್ಯಾದೆ ಸಿಗುವುದೇ ಇಲ್ಲವೇ ಎಂದು ಗೌರಕ್ಕ ಕೊರಗಿದಳು. ಅದನ್ನು ಕಂಡ ಕುಬೇರಪ್ಪ, ತವರಿನಿಂದ ತೊಟ್ಟಿಲು ಬರದಿದ್ದರೇನು, ತೊಟ್ಟಿಲಿಗೇ ತವರು ಬರಲಿ ಎಂದು, ದೇವರ ಕಥೆ ಬರೆಯುವ ತೊಟ್ಟಿಲಿನ ಹಲಗೆಯ ಮೇಲೆ ಹೆಂಡತಿಯ ತವರಿನ ಬೀದಿಯನ್ನೇ ಬರೆಯಲು ಕುಳಿತ.

ಬೀದಿಯೆಂದರೆ ಧೂಳು, ಹೊಗೆ, ನೆರಳು ಬೇಕಲ್ಲ! ಪೇಟೆಯಿಂದ ಡಬ್ಬಿಬಣ್ಣ ತಂದ. ಬೂದಿಬಣ್ಣದ ಬಸ್ಸು, ಮಾಸಿದ ಗೋಡೆ, ನಡುವೆ ಬಾಗಿದ ಬೆನ್ನಿನ ಅನ್ನವ್ವ... ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಗೌರಕ್ಕ ಮುಖ ತಿರುಗಿಸಿದಳು.

"ನಮ್ಮವ್ವನ ದಣಿವಷ್ಟ ಕಂಡೀರಿ. ದಣದ್ರೂ ಯಾರ ಮುಂದೂ ಕೈ ಚಾಚಿದಾಕಿ ಅಲ್ರಿ ಆಕಿ!"

ಕುಬೇರಪ್ಪ ಹಲಗೆ ಕೆರೆದು, ಹಿರಿಯರಿಂದ ಬಂದ ಅರಗಿನ ಬಣ್ಣಗಳನ್ನು ಎತ್ತಿಕೊಂಡ. ಅರಗಿನ ಹಟ ನಿಮಗೇನು ಗೊತ್ತು! ಹೊಗೆಯನ್ನು ಅದು ಹಿಡಿಯದು, ನೆರಳನ್ನು ಒಪ್ಪದು. ಕೆಂಪೆಂದರೆ ಕೆಂಪೇ, ಹಸಿರೆಂದರೆ ಹಸಿರೇ. ಕೇದಗೆಯ ಎಲೆಯಿಂದ ತಿಕ್ಕಿದಂತೆಲ್ಲ ಬಸ್ಸು ಮಿರುಗಿತು, ಟಾಂಗಾದ ಕುದುರೆ ಕತ್ತೆತ್ತಿತು, ಮೆಂತೆಯ ಸೂಡುಗಳ ನಡುವೆ ಅನ್ನವ್ವ ನೆಟ್ಟಗೆ ಕುಳಿತಳು, ದೇವಿಯರಿಗಷ್ಟೇ ಬರೆಯುವ ಅಗಲಗಣ್ಣು ತೆರೆದು. ಅದೇ ಬೀದಿ, ಅದೇ ಬುಟ್ಟಿ!

ಕೂಸು ಹುಟ್ಟಿ, ಹೆಸರಿಡುವ ದಿನ ಬಂತು; ತೊಟ್ಟಿಲು ತರಲಾಗದ ಅಳುಕಿನಲ್ಲಿ ಅನ್ನವ್ವ ಹೊಸ್ತಿಲಾಚೆಯೇ ನಿಂತಿದ್ದಳು. ಕೂಸನ್ನು ಮಲಗಿಸುವ ಮುನ್ನ ಮನೆಯ ಹಿರಿಯಳು ತೊಟ್ಟಿಲಿನ ಚಿತ್ರಗಳಿಗೆ ಕುಂಕುಮ ಹಚ್ಚಬೇಕು. ರೇಣುಕವ್ವನ ಬೆರಳು ಆ ಅಗಲಗಣ್ಣಿನ ಮುಂದೆ ತಡೆಯಿತು... ರೇಣುಕವ್ವ ಚಿತ್ರದ ಹಣೆಗೆ ಕುಂಕುಮವಿಟ್ಟಳು. ಬಟ್ಟಲು ಹಿಡಿದು ಬಾಗಿಲಿಗೆ ನಡೆದು ಅನ್ನವ್ವನ ಹಣೆಗೂ ಇಟ್ಟಳು.

"ಒಳಗ ಬರ್ರಿ ಬೀಗತೇರ. ಕೂಸಿನ್ನ ತೊಟ್ಟಿಲದಾಗ ನೀವ ಹಾಕ್ರಿ."

ಗೌರಕ್ಕ ಗಂಡನತ್ತ ತಿರುಗಿ, ಎಲ್ಲರೆದುರೂ ತಲೆಯೆತ್ತಿ ನಕ್ಕಳು. ಆಹಾ, ಮನುಷ್ಯನನ್ನು ಕಾಣಲು ಕಣ್ಣೊಂದೇ ಸಾಲದು. ಯಾವ ಬಣ್ಣದಲ್ಲಿ ಕಾಣಬೇಕೆಂಬುದನ್ನು ಪ್ರೀತಿಯೇ ಕಲಿಸಬೇಕು!